ಹಳೇ ಕಾರು ಇಟ್ಟುಕೊಂಡವರಲ್ಲಿ ಒಂದು ಮನವಿ

ಜ್ಞಾನಭಾರತಿ, ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿಯ ನೆರೆಹೊರೆಯವರೇ,

ನಮ್ಮ ಬಡಾವಣೆಗಳ ಯಾವ ಅಡ್ಡರಸ್ತೆಗೆ ಹೋದರೂ ಕಾಂಪೌಂಡಿಗೆ ಒತ್ತಿ ನಿಂತ ಹಳೇ ಕಾರುಗಳು ಕಾಣುತ್ತವೆ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಕೂಡ ಅಲ್ಲಲ್ಲಿ ಇನ್ನೂ ಓಡುತ್ತಿದೆ. 2021ರಲ್ಲಿ ಮೆಟ್ರೋ ಕೆಂಗೇರಿಯವರೆಗೆ ಬಂದ ಮೇಲೆ ನಮ್ಮಲ್ಲಿ ಅನೇಕರು ವಾರವಿಡೀ ಕಾರು ಮುಟ್ಟುವುದಿಲ್ಲ. ಹಬ್ಬ ಬಂತೆಂದರೆ ಮಾತ್ರ ಹೆಂಡತಿ ಮಕ್ಕಳು, ವಯಸ್ಸಾದ ತಂದೆತಾಯಿ ಎಲ್ಲರನ್ನೂ ಕೂರಿಸಿಕೊಂಡು, ತಿಂಗಳುಗಟ್ಟಲೆ ನಿಂತಿದ್ದ ಅದೇ ಗಾಡಿಯನ್ನು ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹತ್ತಿಸಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡಿಸುತ್ತೇವೆ. ನನ್ನ ಆತಂಕವೆಲ್ಲ ಇದರ ಬಗ್ಗೆಯೇ.

ಓಡಿ ಸವೆದ ಕಾರಿನಷ್ಟೇ ನಿಂತು ಕೆಟ್ಟ ಕಾರೂ ಅಪಾಯಕಾರಿ. ಬ್ಯಾಟರಿ ಇಳಿಯುತ್ತದೆ, ಟೈರಿನ ಗಾಳಿ ತಾನಾಗಿ ಸೋರುತ್ತದೆ, ಬಾನೆಟ್ಟಿನೊಳಗೆ ಇಲಿ ಸೇರಿ ವೈರು ಕಡಿಯುತ್ತದೆ. ಇವೆಲ್ಲ ಕಣ್ಣಿಗೆ ಬೀಳುವಂಥವೇ. ನೋಡುವವರು ಬೇಕು, ಅಷ್ಟೆ. ಆದ್ದರಿಂದ ಕೇಳಿಕೊಳ್ಳುತ್ತೇನೆ: ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಅರ್ಧ ಗಂಟೆ ನಿಮ್ಮ ಕಾರಿಗೆ ಕೊಡಿ.

ಮೊದಲು ಬಾನೆಟ್ ತೆರೆಯಿರಿ. ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ತೆಗೆದರೆ ಎರಡು ಗುರುತುಗಳ ನಡುವೆ ಆಯಿಲ್ ನಿಂತಿರಬೇಕು. ಅದು ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಸೇರುತ್ತಿರಬಹುದು. ಗಾಡಿ ಚಾಲೂ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಕೂಲೆಂಟ್ ಕಡಿಮೆಯಾಗಿದ್ದರೆ ಅದೇ ಬಗೆಯ ಕೂಲೆಂಟನ್ನೇ ತುಂಬಿಸಿ. ನಮ್ಮ ಬೋರ್‌ವೆಲ್‌ಗಳ ಗಡಸು ನೀರು ಸುರಿದರೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ. ಎಂಜಿನ್ ಬಿಸಿಯಾಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬ್ರೇಕ್ ಆಯಿಲ್ ಇಳಿದಿದ್ದರೆ ಸುಮ್ಮನೆ ತುಂಬಿಸಿ ಮರೆಯಬೇಡಿ. ಬ್ರೇಕ್ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುವುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ವೈರು, ನಂತರ ಪ್ಲಸ್ ವೈರು ಬಿಚ್ಚಿ, ಅಡುಗೆ ಸೋಡ ಕದಡಿದ ಬೆಚ್ಚಗಿನ ನೀರಿನಲ್ಲಿ ಉಜ್ಜಿ, ಒರೆಸಿ. ತಿರುಗಿ ಹಾಕುವಾಗ ಮೈನಸ್ ಕೊನೆಗೆ.

ಟೈರಿಗೆ ಎಷ್ಟು ಗಾಳಿ ಬೇಕೆಂಬುದು ಡ್ರೈವರ್ ಬಾಗಿಲಿನ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಹತ್ತಿರದ ಬಂಕಿನಲ್ಲಿ, ದೂರ ಓಡಿಸುವ ಮುಂಚೆಯೇ, ಸ್ಟೆಪ್ನಿಯನ್ನೂ ಸೇರಿಸಿ ಐದೂ ಟೈರಿಗೆ ಹಾಕಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 2317 ಎಂದಿದ್ದರೆ ಅದು 2017ರ 23ನೇ ವಾರದಲ್ಲಿ ತಯಾರಾದ ಟೈರು. ನಿಂತ ಕಾರಿನ ಟೈರಿನಲ್ಲಿ ಗೀರುಗಳು ಆಳವಾಗಿಯೇ ಇರಬಹುದು, ರಬ್ಬರು ಮಾತ್ರ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಬಿರುಕು ಕಂಡ ಟೈರನ್ನೂ, ಗೀರಿನ ಆಳ 1.6 ಮಿ.ಮೀ.ಗೆ ಇಳಿದ ಟೈರನ್ನೂ ಎಕ್ಸ್‌ಪ್ರೆಸ್‌ವೇಗೆ ಒಯ್ಯಬೇಡಿ.

ಪೆಟ್ರೋಲ್ ಪೈಪನ್ನೂ ಮೂಸಿ ನೋಡಿ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಕೆಲವು ಹಳೇ ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬೇಗ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ತೋರಿಸಿ.

ಇಷ್ಟು ಕಲಿತ ಉತ್ಸಾಹದಲ್ಲಿ ಎಲ್ಲವನ್ನೂ ಮನೆಯಲ್ಲೇ ಬಿಚ್ಚಬೇಡಿ. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್ ಪಳಗಿದ ಕೈಗಳ ಕೆಲಸ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ನುಸುಳಬೇಡಿ. ಜಾಕ್ ಜಾರಿದರೆ ಜೀವ ಹೋಗುತ್ತದೆ. ನೀವು ಕಂಡದ್ದನ್ನು ಸರಿಯಾಗಿ ಹೇಳಿದರೆ ನಿಮ್ಮ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ, ನಿಮ್ಮ ಖರ್ಚೂ ಹಿಡಿತದಲ್ಲಿರುತ್ತದೆ.

ಕೊನೆಯ ಮಾತನ್ನು ಕೈಮುಗಿದು ಹೇಳುತ್ತೇನೆ. ಮನೆಯಲ್ಲೇ ಆಯಿಲ್ ಬದಲಿಸುವವರು ಹಳೇ ಆಯಿಲನ್ನು ಮೋರಿಗೆ ಸುರಿಯಬೇಡಿ. ನಮ್ಮ ಮೋರಿಗಳು ರಾಜಕಾಲುವೆಗೆ, ರಾಜಕಾಲುವೆ ವೃಷಭಾವತಿಗೆ ಸೇರುತ್ತವೆ. ಮೈಸೂರು ರಸ್ತೆಯ ಬದಿಯಲ್ಲಿ ಹರಿಯುವ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಹೋಗುತ್ತದೆ. ಅದರ ನೀರಿನಲ್ಲಿ ನಮ್ಮಂಥವರೇ ಬೆಳೆ ಬೆಳೆಯುತ್ತಾರೆ. ಸಣ್ಣ ಕಾರೊಂದರಿಂದ ಇಳಿಯುವುದು ಸುಮಾರು ಮೂರು ಲೀಟರ್. ಒಂದು ಸಲ ಬದಲಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ನಮ್ಮ ದೇಶದ 2016ರ ನಿಯಮಗಳ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ಹಳೇ ಆಯಿಲನ್ನು ಕ್ಯಾನಿನಲ್ಲಿ ತುಂಬಿ ಬಿರಡೆ ಬಿಗಿದು, ಅದನ್ನು ಮರುಬಳಕೆಗೆ ಕೊಡುವ ಗ್ಯಾರೇಜಿಗೆ ತಲುಪಿಸಿ. ಕೂಲೆಂಟನ್ನೂ ನೆಲದ ಮೇಲೆ ಚೆಲ್ಲಬೇಡಿ. ಅದನ್ನು ಬೀದಿನಾಯಿ, ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಪ್ರತಿ ಬೀದಿಯಲ್ಲೂ ಗಾಡಿಯ ಕೆಲಸ ಬಲ್ಲ ಒಬ್ಬರಾದರೂ ಇರುತ್ತಾರೆ. ಅವರಲ್ಲಿ ನನ್ನ ಬೇಡಿಕೆ: ಒಂದು ಭಾನುವಾರ ಪಕ್ಕದ ಮನೆಯವರನ್ನೂ, ಅವರ ಕಾಲೇಜು ಓದುವ ಮಕ್ಕಳನ್ನೂ ಕರೆದು ಸ್ಟೆಪ್ನಿ ಬದಲಿಸುವುದನ್ನು ಹೇಳಿಕೊಡಿ, ಬೀದಿಯ ಹಳೇ ಆಯಿಲ್ ಕ್ಯಾನುಗಳನ್ನು ಒಟ್ಟಿಗೆ ಗ್ಯಾರೇಜಿಗೆ ಕಳಿಸಿ. ಹೊಸ ಕಾರು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಇರುವ ಕಾರನ್ನು ರಸ್ತೆಗೂ ನದಿಗೂ ಕೇಡಾಗದಂತೆ ನೋಡಿಕೊಳ್ಳುವ ಶಕ್ತಿ ಎಲ್ಲರಿಗೂ ಇದೆ. ದಯವಿಟ್ಟು ಈ ಭಾನುವಾರವೇ ಶುರುಮಾಡಿ.