ಒಬ್ಬರಿಗೆ ಒಂದೇ ಬಾಟಲಿ: ನಾಲ್ಕು ತಾಲ್ಲೂಕುಗಳ ಲಿವರ್ ರೋಗಿಗಳಿಗಾಗಿ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಹಾಗೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕ್ಷೇತ್ರಗಳ ಮಾನ್ಯ ಶಾಸಕರಿಗೆ,



ನನ್ನ ದೂರು ಒಂದು ಸಿಹಿ ಔಷಧದ ಬಾಟಲಿಯಿಂದ ಶುರುವಾಗುತ್ತದೆ. ಅದರ ಹೆಸರು ಲ್ಯಾಕ್ಟುಲೋಸ್. ನಾವು ಹೋಗುವ ಸರ್ಕಾರಿ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಅದು ಇದ್ದ ದಿನ 100 ಮಿಲಿಯ ಒಂದು ಬಾಟಲಿ ಕೊಡುತ್ತಾರೆ. ಇನ್ನೊಂದು ಕೇಳಿದರೆ, ‘ಒಬ್ಬರಿಗೆ ಒಂದ ರೀ, ಉಳದವರಿಗೂ ಬೇಕಲ್ಲ’ ಎನ್ನುತ್ತಾರೆ. ಮಲಬದ್ಧತೆಗೆಂದು ಬಂದವರಿಗೆ ಅಷ್ಟು ಸಾಕು. ನನ್ನ ಅಣ್ಣನಿಗೆ ಸಾಲದು. ಅವನಿಗೆ ಲಿವರ್ ಸಿರೋಸಿಸ್. ತಜ್ಞರು ಬರೆದುಕೊಟ್ಟಿರುವುದು ಬೆಳಿಗ್ಗೆ 30 ಮಿಲಿ, ರಾತ್ರಿ 30 ಮಿಲಿ. ಬಾಟಲಿ ಎರಡನೇ ದಿನವೇ ಖಾಲಿ. ತಿಂಗಳಿಗೆ ಅಂಥವು 18 ಬೇಕು. ಮತ್ತೆ ಕಿಟಕಿಗೆ ಹೋದರೆ ‘ಮೊನ್ನೆನ ಒಯ್ದೀರಲ್ಲ’ ಎಂಬ ಮಾತು. ಕಿಟಕಿಯಲ್ಲಿ ಕೂತವರು ಕೆಟ್ಟವರಲ್ಲ. ಅವರ ಪಟ್ಟಿಯಲ್ಲಿ ಈ ಔಷಧ ಹೊರಕಡೆ ಸಲೀಸಾಗುವುದಕ್ಕೆ ಎಂದು ಬರೆದಿದೆ, ಅವರು ಅದರಂತೆ ಕೊಡುತ್ತಾರೆ. ಅಣ್ಣ ಅದನ್ನು ಕುಡಿಯುವುದು ಎಚ್ಚರ ತಪ್ಪದೆ ಇರುವುದಕ್ಕೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ಬದುಕಿಕೊಂಡಿವೆ. ಉಂಡದ್ದರಲ್ಲಿ ಉಳಿದದ್ದನ್ನು ಅವು ಅರಗಿಸುವಾಗ ಅಮೋನಿಯಾ ಹುಟ್ಟುತ್ತದೆ. ಕರುಳಿನಿಂದ ಹೊರಟ ರಕ್ತ ಮೊದಲು ಲಿವರಿಗೆ ಹೋಗುತ್ತದೆ. ಲಿವರಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಈ ದಾರಿಯದೇ. ಆರೋಗ್ಯವಂತರಲ್ಲಿ ಲಿವರ್ ಆ ಅಮೋನಿಯಾವನ್ನು ಯೂರಿಯಾ ಮಾಡಿ ಮೂತ್ರದ ದಾರಿಗೆ ಹಚ್ಚುತ್ತದೆ. ಸಿರೋಸಿಸ್ ಆದಾಗ ಲಿವರ್ ಕಲೆಗಟ್ಟಿ ಗಡುಸಾಗಿರುತ್ತದೆ, ರಕ್ತ ಅದನ್ನು ತಪ್ಪಿಸಿ ಅಡ್ಡದಾರಿ ಹಿಡಿಯುತ್ತದೆ, ಅಮೋನಿಯಾ ಮಿದುಳಿಗೆ ಏರಿ ಮಂಪರು ಕವಿಯುತ್ತದೆ. ಜೊತೆಗೆ ಕರುಳಿನ ಒಳಗಿನ ಸಂಸಾರವೂ ಕೆಡುತ್ತದೆ. ಪಿತ್ತರಸ ಕಡಿಮೆಯಾಗಿ, ಉಪಕಾರಿ ಬ್ಯಾಕ್ಟೀರಿಯಾ ಕುಗ್ಗಿ, ಉಪದ್ರವಿಗಳು ಹೆಚ್ಚುತ್ತವೆ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಚೀನಾದ ಅಧ್ಯಯನವೊಂದು, ಬಾಯಿಯಲ್ಲಿ ಇರಬೇಕಾದ ಬ್ಯಾಕ್ಟೀರಿಯಾಗಳು ಸಿರೋಸಿಸ್ ರೋಗಿಗಳ ಕರುಳಿನವರೆಗೂ ಇಳಿದು ನೆಲೆ ನಿಂತಿದ್ದನ್ನು ತೋರಿಸಿತು.

ಲ್ಯಾಕ್ಟುಲೋಸ್ ಎಂಬುದು ಮೈಗೆ ಹತ್ತದ ಒಂದು ಸಕ್ಕರೆ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸುತ್ತವೆ, ಆ ಹುಳಿಯಲ್ಲಿ ಅಮೋನಿಯಾ ರಕ್ತಕ್ಕೆ ಸೇರದಂತೆ ಸಿಕ್ಕಿಬಿದ್ದು ಮಲದೊಡನೆ ಹೊರಬೀಳುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊರಕಡೆ ಆಗಬೇಕು, ಅಳತೆ ಅದೇ. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮ್ಮೆ ಹೀಗೆ ಮಂಪರು ಬಂದು ಚೇತರಿಸಿಕೊಂಡವರ ಪೈಕಿ ಲ್ಯಾಕ್ಟುಲೋಸ್ ಮುಂದುವರಿಸಿದವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಮಾತ್ರ ಅದು ಮರುಕಳಿಸಿತು. ಮುಂದುವರಿಸದವರಲ್ಲಿ ನೂರಕ್ಕೆ ಸುಮಾರು 47 ಮಂದಿಗೆ. ನಮ್ಮ ದೇಶದ, ಸರ್ಕಾರಿ ಆಸ್ಪತ್ರೆಯ ಲೆಕ್ಕ ಇದು. ಜೊತೆಗೆ ಕೊಡುವ ರಿಫಾಕ್ಸಿಮಿನ್ ಎಂಬ ಆ್ಯಂಟಿಬಯಾಟಿಕ್ ಗುಳಿಗೆಯ ವಿಷಯದಲ್ಲೂ 2010ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಅಂಥದೇ ಫಲ ಕಂಡಿತು. ಗುಳಿಗೆ ದುಬಾರಿಯಾದ್ದರಿಂದ ನಮ್ಮ ಕಡೆ ಅನೇಕರು ದಿನಕ್ಕೆ ಎರಡರ ಬದಲು ಒಂದು ನುಂಗುತ್ತಾರೆ.

ಅಣ್ಣನಿಗೆ ಹೆಪಟೈಟಿಸ್ ಬಿ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಮೊದಮೊದಲು ಹಗಲೆಲ್ಲ ನಿದ್ದೆ, ರಾತ್ರಿ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದ. ತೋಟದಲ್ಲಿ ಲಿಂಬಿಹಣ್ಣಿನ ಚೀಲ ಎಣಿಸುವಾಗ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸುತ್ತಿದ್ದ. ಮನೆಯಲ್ಲಿ ಇದನ್ನು ವಯಸ್ಸು ಎಂದುಕೊಂಡೆವು. ಓಣಿಯಲ್ಲಿ ‘ಗಾಳಿ ಸೋಕೇತಿ’ ಎಂದರು. ಮುಂದೆ ಒಂದು ವಾರ ಹೊಟ್ಟೆ ಕಟ್ಟಿತು. ಒಂದು ರಾತ್ರಿ ವೈನಿಯನ್ನೇ ಗುರುತು ಹಿಡಿಯಲಿಲ್ಲ, ಕೂಗಾಡತೊಡಗಿದ. ಹತ್ತಿರದ ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ಕುಡದಾನ?’ ವೈನಿ ಸೆರಗು ಬಾಯಿಗೆ ಒತ್ತಿಕೊಂಡು, ‘ಇಲ್ರಿ ಸಾಹೇಬ್ರ, ಚಹಾ ಬಿಟ್ರ ಮತ್ತೇನೂ ಮುಟ್ಟಿದಾಂವಲ್ರಿ’ ಎಂದಳು. ಗಲಾಟೆ ನಿಲ್ಲಲೆಂದು ನಿದ್ದೆಯ ಇಂಜೆಕ್ಷನ್ ಕೊಟ್ಟರು. ಸಿರೋಸಿಸ್ ರೋಗಿಯ ಮಂಪರನ್ನು ಅದು ಇನ್ನೂ ಆಳಕ್ಕೆ ತಳ್ಳಬಲ್ಲದು. ಬೆಳಗಾಗುವಷ್ಟರಲ್ಲಿ ಅಣ್ಣ ಕರೆದರೂ ಓಗೊಡಲಿಲ್ಲ, ಮುಂದಿನ ಊರಿಗೆ ಒಯ್ಯಿರಿ ಎಂದು ಚೀಟಿ ಬರೆದರು. ಅಲ್ಲಿ ಲ್ಯಾಕ್ಟುಲೋಸ್ ಎನಿಮಾ ಕೊಟ್ಟರು. ಮರುದಿನ ಅವನು ನನ್ನನ್ನು ಹೆಸರು ಹಿಡಿದು ಕರೆದ. ಆ ಎನಿಮಾ ಮೊದಲ ಆಸ್ಪತ್ರೆಯಲ್ಲೇ ಆಗಬಹುದಿತ್ತು. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ.

ಕುಡಿತದಿಂದ ಲಿವರ್ ಕೆಡಿಸಿಕೊಂಡವರೂ ನಮ್ಮ ಊರುಗಳಲ್ಲಿ ಬಹಳ ಇದ್ದಾರೆ. ಅವರ ಮಿದುಳಿಗೂ ಏರುವುದು ಅದೇ ಅಮೋನಿಯಾ. ‘ಕುಡದಾನ’ ಎಂಬ ಒಂದು ಮಾತಿಗೆ ಅವರ ಪರೀಕ್ಷೆ ನಿಂತುಹೋಗುವುದನ್ನು ನಾನು ಒಪ್ಪಲಾರೆ.

ಎರಡನೇ ಸಂಗತಿ ಹೊಟ್ಟೆಯ ನೀರು. ಸಿರೋಸಿಸ್‌ನಲ್ಲಿ ಹೊಟ್ಟೆಯೊಳಗೆ ನೀರು ತುಂಬುತ್ತದೆ, ಕರುಳಿನ ಗೋಡೆ ಸಡಿಲಾಗುತ್ತದೆ, ಬ್ಯಾಕ್ಟೀರಿಯಾ ಅದನ್ನು ದಾಟಿ ನೀರಿಗೆ ಇಳಿಯುತ್ತದೆ. ಎಷ್ಟೋ ಸಲ ಜ್ವರವೂ ಬರುವುದಿಲ್ಲ, ಹೊಟ್ಟೆಯೂ ನೋಯುವುದಿಲ್ಲ. ಕೆಲವರಲ್ಲಿ ಮಂಪರು, ತೊದಲು ಮಾತು ಇಷ್ಟೇ ಗುರುತು. ಸೂಜಿಯಿಂದ ಸ್ವಲ್ಪ ನೀರು ತೆಗೆದು ಜೀವಕೋಶ ಎಣಿಸಬೇಕು. ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಒಂದು ಘನ ಮಿಲಿಮೀಟರಿಗೆ 250 ದಾಟಿದರೆ ಸೋಂಕು ಎಂದೇ ಲೆಕ್ಕ, ಆ್ಯಂಟಿಬಯಾಟಿಕ್ ಆಗಲೇ ಶುರುವಾಗಬೇಕು. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಸೋಂಕು ಇದ್ದವರ ಪೈಕಿ 12 ಗಂಟೆಯೊಳಗೆ ನೀರು ತೆಗೆಸಿಕೊಂಡವರಿಗಿಂತ ತಡವಾದವರಲ್ಲಿ ಸಾವು ಎರಡು ಪಟ್ಟು ಹೆಚ್ಚಿತ್ತು. ಇಂಡಿಯಿಂದ, ಸಿಂದಗಿಯಿಂದ ವಿಜಯಪುರ ಐವತ್ತು ಅರವತ್ತು ಕಿಲೋಮೀಟರ್, ಮುದ್ದೇಬಿಹಾಳದಿಂದ ಇನ್ನೂ ದೂರ. ಹಳ್ಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಹಾಸಿಗೆ ಸಿಗದಿದ್ದರೆ ಸೊಲ್ಲಾಪುರಕ್ಕೆ ಎಂದು ಅಲೆಯುವಷ್ಟರಲ್ಲಿ ಆ 12 ಗಂಟೆ ಮುಗಿದಿರುತ್ತದೆ. ಬಿಳಿಕಣ ಎಣಿಸಲು ಬೇಕಾದದ್ದು ಸೂಕ್ಷ್ಮದರ್ಶಕ, ಎಣಿಕೆಯ ಗಾಜು, ಅದು ಬಲ್ಲ ಒಬ್ಬ ತಂತ್ರಜ್ಞ. ರಕ್ತ ಪರೀಕ್ಷೆ ಮಾಡುವ ಲ್ಯಾಬಿಗೆ ಇವು ಹೊಸವಲ್ಲ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ದಾಖಲಾದ ಪ್ರತಿಯೊಬ್ಬರಿಗೂ ಅದೇ ದಿನ ಈ ಪರೀಕ್ಷೆ ಆಗಲಿ, ಸೋಂಕು ಕಂಡರೆ ಮೊದಲ ಇಂಜೆಕ್ಷನ್ ಅಲ್ಲೇ ಕೊಟ್ಟು ಆಮೇಲೆ ಮುಂದಕ್ಕೆ ಕಳಿಸಲಿ ಎಂದು ಲಿಖಿತ ಆದೇಶ ಬೇಕು.

ಇನ್ನೊಂದನ್ನು ಯಾವ ಸಭೆಯಲ್ಲೂ ಯಾರೂ ಎತ್ತುವುದಿಲ್ಲ, ನಾಚಿಕೆಯ ವಿಷಯವೆಂದು. ದಿನಕ್ಕೆ ಮೂರು ಸಲ ಹೊರಕಡೆ ಆಗಲೇಬೇಕಾದ ರೋಗಿ ಬಸ್ಸಿನಲ್ಲಿ ಎರಡು ತಾಸು ಹೇಗೆ ಕೂರಬೇಕು? ದವಾಖಾನೆಗೆ ಹೊರಡುವ ದಿನ ಅಣ್ಣ ಬೆಳಗಿನ ಔಷಧ ಬಿಡುತ್ತಾನೆ, ದಾರಿಯಲ್ಲಿ ಮಾನ ಹೋದೀತೆಂಬ ಅಂಜಿಕೆ. ಹೆಣ್ಣುಮಕ್ಕಳಂತೂ ಹಿಂದಿನ ರಾತ್ರಿಯದನ್ನೂ ಬಿಡುತ್ತಾರೆ. ಸಾಲಿನಲ್ಲಿ ಕೂತು ಕೂತು ಮಧ್ಯಾಹ್ನವಾಗುತ್ತದೆ, ಹೊರರೋಗಿಗಳ ವಿಭಾಗದ ಸಂಡಾಸಿಗೆ ಬೀಗ, ಇಲ್ಲವೇ ನೀರಿಲ್ಲ. ಚಿಕಿತ್ಸೆಗೆಂದು ಹೋದ ದಿನವೇ ಚಿಕಿತ್ಸೆ ತಪ್ಪುತ್ತದೆ. ಹಾಗಾಗಿ ಬಸ್ ನಿಲ್ದಾಣದ, ಆಸ್ಪತ್ರೆಯ ಸಂಡಾಸುಗಳಿಗೆ ನೀರು ಬರಲಿ ಎಂದು ಕೇಳುವುದೂ ನನ್ನ ಮಟ್ಟಿಗೆ ಔಷಧ ಕೇಳಿದಂತೆಯೇ. ಬೇಸಿಗೆಯಲ್ಲಿ ಇದರ ಉಲ್ಟಾ ಅಪಾಯವೂ ಇದೆ. ಔಷಧ ಹೆಚ್ಚಾಗಿ ಭೇದಿ ಹತ್ತಿದರೆ, ಇಲ್ಲವೇ ಕೆಟ್ಟ ನೀರು ಕುಡಿದು ಹೊಟ್ಟೆ ಕೆಟ್ಟರೆ, ಮೈಯ ನೀರು ಬತ್ತಿ ಅದೇ ಮಂಪರು ಮರಳುತ್ತದೆ. ಎಷ್ಟು ಸಲ ಆದರೆ ಔಷಧ ಇಳಿಸಬೇಕು, ಎಷ್ಟಾದರೆ ಏರಿಸಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ ಡಿಸ್ಚಾರ್ಜ್ ಕಾರ್ಡಿನ ಜೊತೆ ಕೊಡಿ. ನೋವಿನ ಗುಳಿಗೆ, ನಿದ್ದೆ ಗುಳಿಗೆ ತಾವಾಗಿ ನುಂಗಬಾರದೆಂದೂ ಅದರಲ್ಲಿ ದಪ್ಪ ಅಕ್ಷರದಲ್ಲಿ ಇರಲಿ.

ಆ ಹಾಳೆಯಲ್ಲಿ ಊಟದ ಬಗೆಗಿನ ಸಾಲೂ ಇರಲಿ. ‘ಬೇಳಿ ಬಿಡ್ರಿ, ಹಾಲು ಬಿಡ್ರಿ, ಗಂಜಿ ಕುಡೀರಿ’ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ, ಅದನ್ನು ಪಾಲಿಸಿ ಅಣ್ಣನ ತೋಳು ಕಡ್ಡಿಯಾದವು. ಇಂದಿನ ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ಬೇರೆ: ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮಲಗುವ ಮುನ್ನ ಮತ್ತೊಮ್ಮೆ ತಿನ್ನಬೇಕು. ಯಾಕೆಂದರೆ ಸ್ನಾಯುಗಳೂ ಅಮೋನಿಯಾವನ್ನು ಹಿಡಿದಿಡುತ್ತವೆ; ಸ್ನಾಯು ಕರಗಿದರೆ ಆ ಆಸರೆಯೂ ಹೋಯಿತು. ಕಾಳು, ಬೇಳೆ, ಮೊಸರಿನ ಪ್ರೋಟೀನನ್ನು ಈ ರೋಗಿಗಳು ಚೆನ್ನಾಗಿ ತಾಳಿಕೊಳ್ಳುತ್ತಾರೆ. 2018ರಲ್ಲಿ ಟರ್ಕಿ ಮತ್ತು ಅಮೆರಿಕದ ಸಿರೋಸಿಸ್ ರೋಗಿಗಳನ್ನು ಹೋಲಿಸಿದ ಅಧ್ಯಯನದಲ್ಲಿ, ಹುದುಗಿಸಿದ ಹಾಲಿನ ಪದಾರ್ಥ, ತರಕಾರಿ ಹೆಚ್ಚು ಉಣ್ಣುವ ಟರ್ಕಿಯವರ ಕರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಹೆಚ್ಚಿದ್ದವು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ನಮ್ಮ ಮನೆಯಲ್ಲೇ ಇರುವಾಗ ರೋಗಿಯನ್ನು ಗಂಜಿಯಲ್ಲಿ ಕೆಡವುವುದು ಬೇಡ. ಕಡಿಮೆ ಮಾಡಬೇಕಾದದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ ದೂರವಿಟ್ಟು ರುಚಿಗೆ ಇಂಡಿಯ ಲಿಂಬಿ ಹಿಂಡಿಕೊಳ್ಳಲಿ.

ನಮ್ಮ ಕಡೆ ತಜ್ಞರ ಕೊರತೆ ಇರುವುದು ನಿಮಗೆ ಗೊತ್ತಿಲ್ಲದ್ದಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಬೇಕೆಂದು 2025ರಲ್ಲಿ ವಿಜಯಪುರದಲ್ಲಿ ಜನ ಧರಣಿ ಕೂತರು. ಜಠರ–ಕರುಳು–ಲಿವರಿಗೆಂದೇ ಇರುವ ಸರ್ಕಾರಿ ಸಂಸ್ಥೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ, ಇಲ್ಲಿಂದ 500 ಕಿಲೋಮೀಟರ್ ದೂರ. ಅಲ್ಲಿಯ ವೈದ್ಯರು ಇ-ಸಂಜೀವಿನಿಯ ಮೂಲಕ ವಾರಕ್ಕೊಂದು ಹೊತ್ತು ನಮ್ಮ ನಾಲ್ಕು ತಾಲ್ಲೂಕುಗಳ ರೋಗಿಗಳ ಜೊತೆ, ಅವರ ಡಾಕ್ಟರ ಜೊತೆ ಮಾತಾಡಲಿ. ಹೆಪಟೈಟಿಸ್ ಬಿ, ಸಿಗೆ ಉಚಿತ ಪರೀಕ್ಷೆ, ಉಚಿತ ಔಷಧದ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಗಿದೆ. ಅದರ ಹೆಸರೂ ನಮ್ಮ ಹಳ್ಳಿಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಅಣ್ಣನಿಗೆ ರೋಗ ತಿಳಿದದ್ದು ಹೊಟ್ಟೆ ಊದಿದ ಮೇಲೆ. ಅವನ ಮಕ್ಕಳ ರಕ್ತ ಪರೀಕ್ಷೆಯನ್ನು ನಾವಾಗಿ ಕೇಳಿ ಮಾಡಿಸಿದೆವು. ಹಾಗೆ ಕೇಳಲು ತಿಳಿಯದ ಮನೆಗಳಿಗೆ ಆಶಾ ಕಾರ್ಯಕರ್ತೆಯರೇ ಹೋಗಿ ಹೇಳುವಂತಾಗಬೇಕು.

ಎಲ್ಲವೂ ಒಮ್ಮೆಲೇ ಆಗದಿದ್ದರೆ ಮೊದಲು ಇದೊಂದು ಮಾಡಿ. ಸಿರೋಸಿಸ್ ಎಂದು ಚೀಟಿಯಲ್ಲಿ ಬರೆದಿರುವ ರೋಗಿಗೆ ಲ್ಯಾಕ್ಟುಲೋಸನ್ನು ಬಾಟಲಿಯ ಲೆಕ್ಕದಲ್ಲಿ ಕೊಡದೆ, ಬರೆದ ಪ್ರಮಾಣದ ಲೆಕ್ಕದಲ್ಲಿ ಒಂದು ತಿಂಗಳಿಗೆ ಆಗುವಷ್ಟು, ಮನೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಕೊಡಬೇಕೆಂದು ಸುತ್ತೋಲೆ ಹೊರಡಿಸಿ. ಅದಕ್ಕೆ ತಕ್ಕಂತೆ ಬೇಡಿಕೆಪಟ್ಟಿ ತಿದ್ದಿ ಕಳಿಸುವಂತೆ ನಾಲ್ಕೂ ತಾಲ್ಲೂಕುಗಳ ಅಧಿಕಾರಿಗಳಿಗೆ ತಿಳಿಸಿ. ಸುತ್ತೋಲೆಯ ಪ್ರತಿಯನ್ನು ಔಷಧದ ಕಿಟಕಿಯ ಪಕ್ಕದಲ್ಲೇ ಅಂಟಿಸಿರಿ. ಅಲ್ಲಿ ನಿಂತು ಕೇಳುವವರು ಅದನ್ನು ತೋರಿಸಿ ಕೇಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಸಿರೋಸಿಸ್ ರೋಗಿಯೊಬ್ಬರ ತಮ್ಮ,
ವಿಜಯಪುರ ಜಿಲ್ಲೆ