ಫೋಟೋ ಸ್ಕ್ರಿಪ್ಟಿನ್ಯಾಗ ಡಿಲೀಟ್ ಬ್ಯಾಡ

ಮನಿ ಫೋಟೋ ದೂರದ ಕಂಪ್ಯೂಟರಿಗೆ ಕಳಸಾಕ ನನ್ನ ಮಗ ಶೆಲ್ ಸ್ಕ್ರಿಪ್ಟ್ ಬರದಾನ. ಅದರಾಗಿನ ಆರ್‌ಸಿಂಕ್ ಸಾಲಿಗೆ ‘ಡಿಲೀಟ್’ ಅಂತ ಹಚ್ಯಾನ, ನನಗದು ಒಪ್ಪಿಗಿಲ್ಲ ನೋಡ್ರಿ. ಇಲ್ಲಿ ಇಲ್ಲದ್ದನ್ನ ಅಲ್ಲಿಂದನೂ ಅಳಸೂದು ಅದರ ಕೆಲಸ. ಹಾರ್ಡ್ ಡಿಸ್ಕ್ ಹಚ್ಚದ, ಫೋಲ್ಡರ್ ಖಾಲಿ ಇದ್ದಾಗ ಸ್ಕ್ರಿಪ್ಟ್ ಓಡಿತಂದ್ರ? ನಮ್ಮ ಅತ್ತಿಯವರ ಫೋಟೋ ಅಲ್ಲೂ ಸಾಫ್! ಜಾಗಾ ತುಂಬಿದ್ರ ತುಂಬಲಿ, ಅತ್ತಿಯವರು ಮತ್ತ ಫೋಟೋಕ್ಕ ಕೂಡ್ತಾರೇನ್ರಿ?

ಅಲ್ಲಿ ಫೋಟೋ ಎರಡೆರಡು ಕಡೆ ಬಂದಿದ್ರ ಕಳಸೋ ಫೋಲ್ಡರಿನ ಹೆಸರಿನ ಕಡೀಕಿರೋ ಓರೆಗೆರಿ ನೋಡ್ರಿ. ಗೆರಿ ಇದ್ರ ಒಳಗಿಂದಷ್ಟ ಹೋಗ್ತದ, ಇಲ್ಲಂದ್ರ ಡಬ್ಬೀ ಸಮೇತ. ಏನರ ಬದಲಿ ಮಾಡಿದ್ರ ಮೊದಲ ‘ಡ್ರೈ ರನ್’ ಹಾಕಿ, ಜೋಡಿಗೆ ‘ವಿ’ನೂ ಹಚ್ರಿ. ಒಂದು ಫೈಲನ್ನೂ ಮುಟ್ಟದ, ಏನ್ ಮಾಡೂದೈತಿ ಅಂತ ಪಟ್ಟಿ ಕೊಡ್ತದ. ಅದರಾಗ ‘ಡಿಲೀಟಿಂಗ್’ ಅಂತ ಕಂಡ್ರ ಅಲ್ಲೇ ನಿಲ್ಲಸ್ರಿ. ಮಗಗೂ ಹೇಳೇನಿ, ಇನ್ನೂ ತಗದಿಲ್ಲ ಅಂವ.