ಅಪ್ಪ ಬಿಟ್ಟುಹೋದ ಆಸ್ತಿ

2021ರ ಅಕ್ಟೋಬರ್ 29 ಯಾರಿಗೆ ಮರೆತೀತು ಗೆಳೆಯರೇ? ಬೆಳಿಗ್ಗೆ ‘ಭಜರಂಗಿ 2’ ತೆರೆಕಂಡ ಸಂಭ್ರಮ. ಮಧ್ಯಾಹ್ನದ ಹೊತ್ತಿಗೆ ಅಪ್ಪು ಇಲ್ಲ! ವಯಸ್ಸು ಬರೀ 46. ಕಸರತ್ತು ಮಾಡಿ ಹುರಿಗಟ್ಟಿದ್ದ ಮೈ. ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಎದೆ ತೋರಿಸಿಕೊಳ್ಳಲು ಹುಡುಗರ ನೂಕುನುಗ್ಗಲು. ದಿನ ಕಳೆದಂತೆ ನಮ್ಮ ಭಯವೂ ಕರಗಿತು.

ಅಪ್ಪು ಹೃದಯಕ್ಕೆ ಏನಾಗಿತ್ತೆಂದು ಹೇಳಲು ನಾನು ಡಾಕ್ಟರಲ್ಲ, ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು. ಈ ವಾರ ಹೇಳಹೊರಟಿರುವುದು ಹೊಸದುರ್ಗದ ಗೆಳೆಯನೊಬ್ಬನ ಕಥೆ.

ವಯಸ್ಸು 26. ಕಡ್ಡಿಯಂಥ ಆಳು. ಮೊದಲ ದಿನದ ಮೊದಲ ಆಟ ತಪ್ಪಿಸಿದವನಲ್ಲ. ಅವನ ಅಪ್ಪ 43ಕ್ಕೆ ಎದೆನೋವಿನಿಂದ ಹೋದರು, ದೊಡ್ಡಪ್ಪ 47ಕ್ಕೆ. ‘ನಮ್ ವಂಶದಾಗೆ ಗಂಡಸ್ರು ಐವತ್ತು ದಾಟಲ್ಲ ಕಣಣ್ಣ, ಹಣೆಬರಹ’ ಅಂತ ನಗುತ್ತಲೇ ಹೇಳುತ್ತಿದ್ದ. ಒಮ್ಮೆ ಟೀ ಲೋಟ ಹಿಡಿದ ಕೈ ನೋಡಿದೆ. ಬೆರಳ ಗೆಣ್ಣುಗಳ ಮೇಲೆ ಗಟ್ಟಿ ಗಂಟು. ಹಿಮ್ಮಡಿಯ ಮೇಲಿನ ನರವೂ ದಪ್ಪ. ‘ಚಪ್ಪಲಿ ಉಜ್ಜಿ ಹಂಗಾಗೈತೆ’ ಅಂದ. ದಬಾಯಿಸಿ ಚಿತ್ರದುರ್ಗದ ಬಸ್ಸು ಹತ್ತಿಸಿದೆ. ರಕ್ತಪರೀಕ್ಷೆ ಆಯಿತು. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 248! ದೊಡ್ಡವರಲ್ಲಿ 190 ಮುಟ್ಟಿದರೇ ಡಾಕ್ಟರಿಗೆ ಅನುಮಾನ ಬರಬೇಕು.

‘ನಾನು ಮಟನ್ನೇ ತಿನ್ನಲ್ಲ ಸಾರ್!’ ಅಂತ ವಾದಕ್ಕಿಳಿದ. ಇದು ತಿಂದು ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು ಎಂದರು ಡಾಕ್ಟರು.

ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ಓಡಿದರಲ್ಲ? ನೀರು ಬರುತ್ತಲೇ ಇದ್ದು ತೂಬು ಮುಚ್ಚಿದ್ದರೆ ಮಟ್ಟ ಏರಲೇಬೇಕು. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಇಂಥ ತೂಬುಗಳು ಲಿವರಿನಲ್ಲಿವೆ. ಇದನ್ನು ಕಂಡುಹಿಡಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 1985ರಲ್ಲಿ ನೊಬೆಲ್ ಪಡೆದರು. ಅಪ್ಪನಿಂದಲೋ ಅಮ್ಮನಿಂದಲೋ ಕೆಟ್ಟ ಜೀನ್ ಬಂದರೆ ತೂಬುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಕೆಲಸ ಮಾಡುವುದಿಲ್ಲ. ತೊಟ್ಟಿಲ ಕಾಲದಿಂದಲೇ ಕೊಬ್ಬು ರಕ್ತನಾಳಕ್ಕೆ ಮೆತ್ತುತ್ತದೆ. ನೋವಿಲ್ಲ, ಸುಳಿವಿಲ್ಲ. ಎಲ್ಲರಿಗೂ ಗಂಟು ಕಾಣಬೇಕೆಂದೂ ಇಲ್ಲ. ಜಗತ್ತಿನಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಇದಿದೆ. ಚಿಕಿತ್ಸೆ ಇಲ್ಲದಿದ್ದರೆ ಇಂಥ ಗಂಡಸರಲ್ಲಿ ಸುಮಾರು ಅರ್ಧ ಮಂದಿಗೆ 50ರೊಳಗೆ ಹೃದಯದ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಮದ್ದಿಲ್ಲವೇ? ಇದೆ! ಸ್ಟಾಟಿನ್ ಮಾತ್ರೆ, ದಿನಕ್ಕೊಂದು. ಸಾಲದಿದ್ದರೆ ಜೊತೆಗೆ ಎಜೆಟಿಮೈಬ್. ಅದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ ಉಂಟು, ಬೆಲೆ ಮಾತ್ರ ದುಬಾರಿ. ಬೀಡಿ ಸಿಗರೇಟು ಪೂರ್ತಿ ಬಂದ್, ಮಿರ್ಚಿ-ಮಂಡಕ್ಕಿ ಅಪರೂಪಕ್ಕೆ. ಪಥ್ಯ ಬೇಕೇ ಬೇಕು, ಆದರೆ ಬರೀ ಪಥ್ಯದಿಂದ ಇದು ಹಿಡಿತಕ್ಕೆ ಬರದು.

ಮೂರು ತಿಂಗಳಲ್ಲಿ ನಮ್ಮ ಹುಡುಗನ ಲೆಕ್ಕ 121ಕ್ಕೆ ಇಳಿಯಿತು. ‘ವಾಸಿ ಆತು’ ಅಂತ ಮಾತ್ರೆ ಬಿಟ್ಟ. ಮತ್ತೆ ನೋಡಿದರೆ 240! ಡಾಕ್ಟರು ಸರಿಯಾಗಿ ಗದರಿಸಿದರು. ಇಳಿಸಿದ್ದು ಮಾತ್ರೆ ಕಣಪ್ಪ, ನಿನ್ನ ತೂಬು ರಿಪೇರಿ ಆಗಿಲ್ಲ, ಇದು ಜೀವಮಾನದ ಕೆಲಸ ಎಂದರು.

ನಿಜವಾದ ಪೇಚಾಟ ಆಮೇಲೆ ಶುರುವಾಯಿತು. ಕಾಯಿಲೆ ಇರುವವರ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ. ಗಂಡು ಹೆಣ್ಣೆಂಬ ಭೇದವಿಲ್ಲ. ತಮ್ಮ ಪರೀಕ್ಷೆ ಮಾಡಿಸಿದ, ಅವನಿಗಿಲ್ಲ. ಹೊಳಲ್ಕೆರೆಗೆ ಕೊಟ್ಟ ಅಕ್ಕ ಒಪ್ಪಲೇ ಇಲ್ಲ. ‘ಅತ್ತೆ ಮನೇಲಿ ಗೊತ್ತಾದ್ರೆ ರೋಗಿಷ್ಠರ ವಂಶ ಅಂತಾರೆ’ ಎಂಬ ಅಂಜಿಕೆ. ಇವನು ಎರಡು ಸಲ ಹೋಗಿ ಬರಿಗೈಲಿ ಬಂದ. ಮೂರನೇ ಸಲ ತನ್ನ ಎರಡೂ ರಿಪೋರ್ಟು ಅಕ್ಕನ ಮುಂದಿಟ್ಟು, ‘ಅಪ್ಪಗೆ ಯಾರೂ ಇದನ್ನ ಹೇಳ್ಲಿಲ್ಲ ಅಕ್ಕಾ’ ಅಂದನಂತೆ. ಅಷ್ಟೇ.

ಅಕ್ಕನ ರಿಪೋರ್ಟು ಬಂತು: 231. ಆಕೆ ಅಳಲಿಲ್ಲವಂತೆ. ‘ನನ್ನ ಮಗನಿಗೂ ನೋಡಿಸ್ಬೇಕಲ್ವೇನೋ?’ ಅಂತ ಕೇಳಿದಳಂತೆ.

ನಿಮ್ಮ ಮನೆಯಲ್ಲೂ ಯಾರಾದರೂ ಐವತ್ತೈದರೊಳಗೆ ಎದೆ ಹಿಡಿದುಕೊಂಡು ಹೋಗಿದ್ದಾರೆಯೇ? ಮುಂದಿನ ಸಿನಿಮಾದ ಟಿಕೆಟ್ ತೆಗೆಸುವ ಮುಂಚೆ ಒಂದು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಏನಂತೀರಿ?